ಅಕ್ಕನ ನೀಲಿ ಚೀಲ

ಮಳೆ ಹಿಡಿದಾಗಲೆಲ್ಲ ಅಕ್ಕ ನೆನಪಾಗುತ್ತಾರೆ. ಕೊಡಗಿನ ಸಿದ್ದಾಪುರ ಸುತ್ತಲಿನ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಿಗೆ 20 ವರ್ಷಕ್ಕೂ ಜಾಸ್ತಿ ಓಡಾಡಿದವರು. ಸಂಬಳ ಇಲ್ಲ, ಬಸ್ಸಿನ ದುಡ್ಡೂ ಕೈಯಿಂದಲೇ.

ನಾನು ಮೊದಲ ಸಲ ಜೊತೆಗೆ ಹೋಗಿದ್ದು ಕಕ್ಕಡದ, ಅಂದರೆ ಜೋರು ಮಳೆಯ ತಿಂಗಳಿನ, ಒಂದು ಸಂಜೆ. ಕಾಲಿಗೆ ಜಿಗಣೆ ಹತ್ತಿತ್ತು. ಅಕ್ಕ ಅದನ್ನು ಕಿತ್ತು ಹಾಕಿ, ನೀಲಿ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅರ್ಜಿಗಳು, ಒಂದು ಹನಿಯೂ ಬಿದ್ದಿರಲಿಲ್ಲ.

ಗಂಡ ಹೊಡೆದು ಹೊರಹಾಕಿದ್ದ ಹೆಂಗಸೊಬ್ಬಳು ಕಾಯುತ್ತಿದ್ದಳು. "ಲಾಯರಿಗೆ ದುಡ್ಡೆಲ್ಲಿ ತರಲಿ ಅಕ್ಕಾ?"

"ಹೆಂಗಸರಿಗೆ ಕಾನೂನು ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮನೆ ಯಾರ ಹೆಸರಲ್ಲೇ ಇರಲಿ, ಅಲ್ಲಿ ಇರೋ ಹಕ್ಕು ನಿನಗಿದೆ."

ಹೆಬ್ಬೆಟ್ಟು ಒತ್ತಲು ಅಕ್ಕ ಬಿಡಲಿಲ್ಲ. ಕಾಫಿ ಚೀಲದ ಮೇಲೆ ಹಳೇ ಪೇಪರ್ ಹಾಸಿ, ಕೈ ಹಿಡಿದು ಹೆಸರು ಬರೆಸಿದರು. ಮೂರು ಅಕ್ಷರಕ್ಕೆ ಅರ್ಧ ಗಂಟೆ. ನನಗೆ ಕೊನೆ ಬಸ್ಸಿನ ಚಿಂತೆ. ಅವರಿಗೆ ಆತುರವೇ ಇಲ್ಲ. ಅಷ್ಟು ತಾಳ್ಮೆ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಕೊಯ್ಲಿನ ಕಾಲದಲ್ಲಿ ಮಾತು ಕೂಲಿಯದ್ದು. ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂತು, ಅಲ್ವಾ? ಕಣದಲ್ಲಿ ನಿಂತು ಅದನ್ನೇ ಹೇಳುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಚೀಲ ಈಗ ನನ್ನ ಹತ್ತಿರ ಇದೆ. ನಾಳೆ ಪೊನ್ನಂಪೇಟೆ ಕಡೆ ಹೋಗಬೇಕು.