ಉಕ್ಕಿನ ಮೇಲಿನ ಮುದ್ರೆಗಳು

ಬ್ರಿಟಿಷ್ ಸೇನೆಯ ವೆಬ್ಲಿ ರಿವಾಲ್ವರೊಂದನ್ನು ಮೇಜಿನ ಮೇಲಿಟ್ಟರೆ ನೋಡುವವರ ಗಮನ ಮೊದಲು ಅದರ ಗಾತ್ರದ ಕಡೆಗೆ ಹೋಗುತ್ತದೆ, ಆಮೇಲೆ ಅದು ನಡುವೆ ಮಡಚಿಕೊಂಡು ತೆರೆಯುವ ಬಗೆಯ ಕಡೆಗೆ. ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದೊಡನೆ ಆರು ಖಾಲಿ ಕಾಡತೂಸುಗಳನ್ನೂ ಒಮ್ಮೆಗೇ ಹೊರದೂಡುವ ಆ ರಚನೆ ನೂರು ವರ್ಷ ಕಳೆದ ಮೇಲೂ ಚೊಕ್ಕಟವಾಗಿ ಕೆಲಸ ಮಾಡುತ್ತದೆ. ಆದರೆ ಸೇನೆ ಮತ್ತು ಪೊಲೀಸ್ ಪಡೆಗಳು ಬಳಸಿದ ಹಳೆಯ ರಿವಾಲ್ವರುಗಳನ್ನು ಬಹುಕಾಲದಿಂದ ಸಂಗ್ರಹಿಸುತ್ತಿರುವ ನನಗೆ ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಉಕ್ಕಿನ ಮೇಲೆ ಒತ್ತಿರುವ ಸಣ್ಣ ಸಣ್ಣ ಮುದ್ರೆಗಳು. ಆ ವಸ್ತುವನ್ನು ಯಾರು ತಯಾರಿಸಿದರು, ಯಾರು ಪರೀಕ್ಷಿಸಿದರು, ಯಾವ ಸರ್ಕಾರ ಕೊಂಡಿತು, ಸೇವೆಯಿಂದ ತೆಗೆದು ಮಾರಿತೋ ಇಲ್ಲವೋ ಎಂಬುದನ್ನೆಲ್ಲ ಅವು ಹೇಳುತ್ತವೆ. ಈ ದಾಖಲೆ ಉಳಿದಿದ್ದರೆ ಬಣ್ಣಗೆಟ್ಟ ರಿವಾಲ್ವರೂ ಸಂಗ್ರಹಕ್ಕೆ ಯೋಗ್ಯ, ಅದು ಅಳಿಸಿಹೋಗಿದ್ದರೆ ಕನ್ನಡಿಯಂತೆ ಹೊಳೆಯುವ ರಿವಾಲ್ವರೂ ನನಗೆ ಬೇಡ.

ಈ ಹವ್ಯಾಸ ನನಗೆ ಸಾಧ್ಯವಾದದ್ದು ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿ ಇಲ್ಲಿಯ ಪ್ರಜೆಯಾದುದರಿಂದ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, 2019ರ ತಿದ್ದುಪಡಿಯ ನಂತರ ಪರವಾನಗಿ ಇದ್ದವರೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಲ್ಲದೆ ಸೇನೆಯ ಬಳಕೆಯಲ್ಲಿದ್ದ .38, .455 ಮತ್ತು 9 ಮಿ.ಮೀ. ಅಳತೆಗಳು ನಿಷೇಧಿತ ಬೋರಿನ, ಅಂದರೆ ನಿಷೇಧಿತ ನಳಿಗೆಯಗಲದ, ವರ್ಗಕ್ಕೆ ಸೇರುತ್ತವೆ. ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾಯ್ದೆಯಡಿ ಸಂಗ್ರಾಹಕರಿಗೆಂದೇ ಪ್ರತ್ಯೇಕ ಪರವಾನಗಿಯೊಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಬಂದೂಕುಗಳನ್ನು ‘ಕ್ಯೂರಿಯೋ ಅಂಡ್ ರೆಲಿಕ್’ ಎಂಬ ವರ್ಗದಲ್ಲಿ ಇದರಡಿ ಕೊಳ್ಳಬಹುದು. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ. ಪ್ರತಿಯಾಗಿ, ಬಂದದ್ದು ಮತ್ತು ಹೋದದ್ದು ಎರಡನ್ನೂ ದಿನಾಂಕ, ಕ್ರಮಸಂಖ್ಯೆ, ಮಾರಿದವರ ಅಥವಾ ಕೊಂಡವರ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸರ್ಕಾರ ಕೇಳದಿದ್ದರೂ ನಾನು ಆ ಪುಸ್ತಕವನ್ನು ಬರೆಯುತ್ತಿದ್ದೆ.

ನನ್ನ ಆಸಕ್ತಿ ಬ್ರಿಟಿಷ್ ಸಾಮ್ರಾಜ್ಯದ ಸೇವಾ ರಿವಾಲ್ವರುಗಳಿಗೆ ಸೀಮಿತವಾಗಿದೆ, ಅದಕ್ಕೆ ಕಾರಣ ಭಾರತದ ಪೊಲೀಸ್ ವ್ಯವಸ್ಥೆಯ ಇತಿಹಾಸದಲ್ಲೇ ಇದೆ. ಬ್ರಿಟಿಷ್ ಸೇನಾಪತಿ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ನಂತರ ಅಲ್ಲಿ ಕಟ್ಟಿದ ಪೊಲೀಸ್ ಪಡೆಗೆ ಐರಿಷ್ ಕಾನ್‌ಸ್ಟಾಬ್ಯುಲರಿಯೇ ಮಾದರಿಯಾಗಿತ್ತು. ಲಂಡನ್ನಿನ ಪೊಲೀಸರು ಲಾಠಿ ಹಿಡಿದು ಬೀದಿ ಸುತ್ತುತ್ತಿದ್ದ ಕಾಲದಲ್ಲಿ ಐರ್ಲೆಂಡಿನದು ಆಯುಧ ಹಿಡಿದ, ಕೇಂದ್ರದ ಆಜ್ಞೆಗೆ ನೇರವಾಗಿ ಒಳಪಟ್ಟ, ಅರ್ಧ ಸೇನೆಯಂತಿದ್ದ ಪಡೆ. 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಇದೇ ಮಾದರಿಯ ನೆರಳಿದೆ. ಆ ಐರಿಷ್ ಪಡೆಗೆ 1867ರಲ್ಲಿ ‘ರಾಯಲ್’ ಎಂಬ ಬಿರುದು ಸಿಕ್ಕಿತು, ಮರುವರ್ಷವೇ ಅದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಾರ್ಖಾನೆಯ ಗಿಡ್ಡ ನಳಿಗೆಯ ರಿವಾಲ್ವರನ್ನು ಆಯ್ದುಕೊಂಡಿತು, ಆ ಮಾದರಿಗೆ ಪಡೆಯ ಹೆಸರಿನ ಮೊದಲಕ್ಷರಗಳೇ, ಆರ್.ಐ.ಸಿ. ಎಂದು, ಶಾಶ್ವತವಾಗಿ ಅಂಟಿಕೊಂಡವು. ವೆಬ್ಲಿಯ ಹೆಸರು ಸೇನೆಗಿಂತ ಮೊದಲು ಪೊಲೀಸರ ಸೊಂಟದಲ್ಲಿ ಬೆಳೆಯಿತು. ಪೊಲೀಸರ ಆಯುಧವೆಂದರೆ ಸೇನೆ ಬಳಸಿ ಬಿಟ್ಟದ್ದು ಎಂದು ತಿಳಿದವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಸೇನೆ 1887ರಲ್ಲಿ .455 ಬೋರಿನ ವೆಬ್ಲಿ ಮಾರ್ಕ್ 1 ಅನ್ನು ಅಂಗೀಕರಿಸಿತು. ಅಲ್ಲಿಂದ 1915ರ ಮಾರ್ಕ್ 6ರವರೆಗೆ ಆರು ಮಾದರಿಗಳು ಬಂದವು. ನಡುವಿನ ಸಣ್ಣಪುಟ್ಟ ಬದಲಾವಣೆಗಳ ವಿವರ ಇಲ್ಲಿ ಬೇಡ. ಮಾರ್ಕ್ 6 ಮಾತ್ರ ಬೇರೆಯಾಗಿ ನಿಲ್ಲುತ್ತದೆ: ಆರು ಅಂಗುಲದ ನಳಿಗೆ, ಹಕ್ಕಿಯ ತಲೆಯಂತೆ ಬಾಗಿದ ಹಳೆಯ ಹಿಡಿಯ ಬದಲು ಚೌಕಾಕಾರದ ಹಿಡಿ, ಚೌಕಟ್ಟಿನ ಎಡಬದಿಯಲ್ಲಿ ಮಾದರಿಯ ಹೆಸರಿನ ಜೊತೆಗೆ ತಯಾರಾದ ವರ್ಷ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೆಸರನ್ನು ಸಹಿಸಿಕೊಂಡು ಕೆಲಸ ಮಾಡಿದ್ದು ಇದೇ. ಇದರ ನಳಿಗೆಗೆ ಸಿಕ್ಕಿಸುವ ಪ್ರಿಚರ್ಡ್ ಬಯೊನೆಟ್ ಎಂಬ ಚೂರಿಯೂ ಇತ್ತು, ಆದರೆ ಅದನ್ನು ಸೇನೆ ಅಧಿಕೃತವಾಗಿ ಒಪ್ಪಲಿಲ್ಲ, ಅಧಿಕಾರಿಗಳು ಸ್ವಂತ ಹಣದಿಂದ ಕೊಂಡರು. ಇಂದು ಮಾರಾಟಕ್ಕೆ ಬರುವ ಅಂಥ ಚೂರಿಗಳಲ್ಲಿ ನಕಲಿಗಳ ಸಂಖ್ಯೆ ದೊಡ್ಡದು. ಅದರ ಗೋಜಿಗೆ ಹೋಗದಿರುವುದೇ ಹೊಸಬರಿಗೆ ಕ್ಷೇಮ.

ಇನ್ನು ಮುದ್ರೆಗಳ ವಿಷಯ. ಬ್ರಿಟಿಷ್ ಸರ್ಕಾರದ ಸೊತ್ತಿನ ಗುರುತು ಅಗಲವಾದ ಬಾಣ, ‘ಬ್ರಾಡ್ ಆ್ಯರೋ’. ಆ ಬಾಣ ಇಂಗ್ಲಿಷಿನ ‘ಸಿ’ ಅಕ್ಷರದೊಳಗಿದ್ದರೆ ರಿವಾಲ್ವರು ಕೆನಡಾ ಸರ್ಕಾರದ್ದು. ಎರಡು ‘ಡಿ’ಗಳ ನಡುವೆ ಇದ್ದರೆ ಆಸ್ಟ್ರೇಲಿಯಾದ ರಕ್ಷಣಾ ಇಲಾಖೆಯದು, ‘ಎನ್’ ಮತ್ತು ‘ಝಡ್’ ನಡುವೆ ಇದ್ದರೆ ನ್ಯೂಜಿಲೆಂಡಿನದು, ‘ಯು’ ಅಕ್ಷರದೊಂದಿಗೆ ಇದ್ದರೆ ದಕ್ಷಿಣ ಆಫ್ರಿಕಾದ್ದು. ಬಾಣದ ಜೊತೆ ‘ಐ’ ಇದ್ದರೆ ಅದು ಭಾರತ ಸರ್ಕಾರದ ಸ್ವತ್ತಾಗಿದ್ದ ಆಯುಧ, ಮತ್ತು ಆ ಒಂದು ಅಕ್ಷರವನ್ನು ಹುಡುಕುತ್ತಾ ನಾನು ಪ್ರದರ್ಶನಗಳ ಸಾಲು ಮೇಜುಗಳ ನಡುವೆ ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ಓಡಾಡುತ್ತೇನೆ. ತುದಿಗೆ ತುದಿ ತಾಗಿಸಿದ ಎರಡು ಬಾಣಗಳು ಕಂಡರೆ ಸರ್ಕಾರ ಅದನ್ನು ಕ್ರಮಬದ್ಧವಾಗಿ ಸೇವೆಯಿಂದ ಬಿಡುಗಡೆ ಮಾಡಿ ಮಾರಿದೆ ಎಂದರ್ಥ. ಇವುಗಳ ಜೊತೆಗೆ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪ್ರೂಫ್ ಹೌಸ್‌ಗಳು ಹೆಚ್ಚಿನ ಒತ್ತಡದ ಕಾಡತೂಸು ಹಾರಿಸಿ ಪರೀಕ್ಷಿಸಿದ ಮೇಲೆ ಒತ್ತಿದ ಕಿರೀಟದ ಮುದ್ರೆಗಳಿರುತ್ತವೆ. ಯುದ್ಧದ ನಂತರ ಬ್ರಿಟನ್ನಿನ ಮೂಲಕ ಮಾರಾಟವಾದ ಅಮೆರಿಕದ ರಿವಾಲ್ವರುಗಳ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂಬ ಬರಹವೂ, ಎಷ್ಟು ಟನ್ ಒತ್ತಡಕ್ಕೆ ಪರೀಕ್ಷಿಸಲಾಯಿತೆಂಬ ಅಂಕಿಯೂ ಕಾಣಸಿಗುತ್ತವೆ. ಅಮೆರಿಕಕ್ಕೆ 1968ರ ಕಾಯ್ದೆಯ ನಂತರ ಆಮದಾದ ಬಂದೂಕಿನ ಮೇಲೆ ಆಮದುದಾರನ ಹೆಸರು ಒತ್ತಿರಬೇಕು. ಅದು ಇಲ್ಲದಿದ್ದರೆ ಹಿಂದಿನ ದಶಕಗಳಲ್ಲಿ ಬಂದದ್ದೋ ಯಾರೋ ಸೈನಿಕ ಜೊತೆಗೆ ತಂದದ್ದೋ ಆಗಿರುವ ಸಂಭವ ಹೆಚ್ಚು.

ಬಾಣದ ಗುರುತೇ ಇಲ್ಲದ ವೆಬ್ಲಿಗಳೂ ಸೇವೆ ಮಾಡಿದವೇ. ಬ್ರಿಟಿಷ್ ಅಧಿಕಾರಿ ತನ್ನ ರಿವಾಲ್ವರನ್ನು ಸ್ವಂತ ಖರ್ಚಿನಲ್ಲಿ ಕೊಳ್ಳಬೇಕಿತ್ತು. ಸರ್ಕಾರಿ ಕಾಡತೂಸು ಹಿಡಿಸಿದರೆ ಸಾಕು, ಯಾವ ತಯಾರಕರದ್ದಾದರೂ ಆಗಬಹುದಿತ್ತು. ಆದ್ದರಿಂದ ಇಂಥ ರಿವಾಲ್ವರುಗಳ ನಳಿಗೆಯ ಮೇಲೆ ಅಂಗಡಿಯ ಹೆಸರಿರುತ್ತದೆ. ಹೆಚ್ಚಾಗಿ ಸಿಗುವ ಹೆಸರು ‘ಆರ್ಮಿ ಅಂಡ್ ನೇವಿ ಕೋಆಪರೇಟಿವ್ ಸೊಸೈಟಿ’. ಲಂಡನ್ನಿನ ಈ ಸಂಸ್ಥೆಗೆ ಮುಂಬಯಿ, ಕಲ್ಕತ್ತಾಗಳಲ್ಲೂ ಅಂಗಡಿಗಳಿದ್ದವು. ಬೆಂಗಳೂರಿನ ದಂಡು ಪ್ರದೇಶಕ್ಕೆ ವರ್ಗವಾಗಿ ಬರುತ್ತಿದ್ದ ಅಧಿಕಾರಿಗಳ ಪೆಟ್ಟಿಗೆಗಳಲ್ಲೂ ಇಂಥವು ಬಂದಿರಬೇಕು ಎಂದು ಅವುಗಳನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅನ್ನಿಸುತ್ತದೆ. ಆದರೆ ಅನ್ನಿಸಿದ್ದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಮಾರುವವನ ಬಾಯಲ್ಲಿ ಪ್ರತಿಯೊಂದು ರಿವಾಲ್ವರೂ ಒಬ್ಬ ಕರ್ನಲ್‌ನದಾಗಿರುತ್ತದೆ. ಕಾಗದವೋ ಕೆತ್ತಿದ ಹೆಸರೋ ಇಲ್ಲದ ಕಥೆಗೆ ಬೆಲೆ ಕೊಡಬಾರದೆಂಬುದು ಈ ವಲಯದಲ್ಲಿ ಹಿರಿಯರು ಕಲಿಸುವ ಮೊದಲ ಪಾಠ.

ಅಮೆರಿಕದಲ್ಲಿ ಸಿಗುವ ಮಾರ್ಕ್ 6ಗಳಿಗೆ ಒಂದು ದೊಡ್ಡ ಹಾನಿಯಾಗಿದೆ, ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಎರಡನೆಯ ಮಹಾಯುದ್ಧದ ನಂತರ ಹಳೆಯ ದಾಸ್ತಾನು ಇಲ್ಲಿಗೆ ಅಗ್ಗದಲ್ಲಿ ಬಂದಾಗ .455 ಕಾಡತೂಸು ಸುಲಭಕ್ಕೆ ಸಿಗುತ್ತಿರಲಿಲ್ಲವೆಂದು ವ್ಯಾಪಾರಿಗಳು ಕಾಡತೂಸುಗಳು ಕೂರುವ ಸಿಲಿಂಡರಿನ ಹಿಂಬದಿಯನ್ನು ಅರೆದು, ಅರ್ಧಚಂದ್ರಾಕಾರದ ಕ್ಲಿಪ್ಪಿನಲ್ಲಿ ಅಮೆರಿಕದ .45 ಎ.ಸಿ.ಪಿ. ಕಾಡತೂಸು ಹಿಡಿಸುವಂತೆ ಮಾಡಿದರು. ಕಾರ್ಖಾನೆಯಲ್ಲಿ ತುಂಬಿದ ಆ ಕಾಡತೂಸಿನ ಒತ್ತಡ ವೆಬ್ಲಿಯನ್ನು ಪರೀಕ್ಷಿಸಿದ್ದ ಒತ್ತಡಕ್ಕಿಂತಲೂ ಹೆಚ್ಚು, ಅಂದರೆ ಹೀಗೆ ಬದಲಾಯಿಸಿದ ರಿವಾಲ್ವರಿನಲ್ಲಿ ಅದನ್ನು ಹಾರಿಸುವುದು ಕೈಗೂ ಕಣ್ಣಿಗೂ ಅಪಾಯ. ಅರೆದ ಭಾಗದ ಜೊತೆಗೆ ಅಲ್ಲಿದ್ದ ಗುರುತುಗಳೂ ಹೋದವು. ಅರೆಯದ ಸಿಲಿಂಡರು, ಅದರ ಮೇಲೆ ಚೌಕಟ್ಟಿನದೇ ಕ್ರಮಸಂಖ್ಯೆ, ಇವೆರಡೂ ಇರುವ ಮಾರ್ಕ್ 6 ಸಿಕ್ಕಿದರೆ ಹೊರಮೈ ಎಷ್ಟು ಸವೆದಿದ್ದರೂ ನಾನು ಕೊಳ್ಳುತ್ತೇನೆ.

ಮೊದಲ ಯುದ್ಧದ ನಂತರ ಬ್ರಿಟಿಷ್ ಸೇನೆ ಹಗುರವಾದ ರಿವಾಲ್ವರು ಬೇಕೆಂದು .38 ಬೋರಿನಲ್ಲಿ 200 ಗ್ರೇನ್ (ಸುಮಾರು 13 ಗ್ರಾಂ) ತೂಕದ ಸೀಸದ ಗುಂಡನ್ನು ಆರಿಸಿತು. ವೆಬ್ಲಿ ಅಂಡ್ ಸ್ಕಾಟ್ ಕಂಪನಿ ಇದಕ್ಕೆಂದು ತನ್ನ ಮಾದರಿಯನ್ನು ಮುಂದಿಟ್ಟಿತು. ಸರ್ಕಾರವಾದರೋ ಆ ಮಾದರಿಯನ್ನು ಹೋಲುವ ರಿವಾಲ್ವರನ್ನು ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ರೂಪಿಸಿ 1932ರಲ್ಲಿ ‘ಎನ್‌ಫೀಲ್ಡ್ ನಂ. 2’ ಎಂದು ಅಂಗೀಕರಿಸಿತು. ಸಂಶೋಧನೆ ಮತ್ತು ವಿನ್ಯಾಸದ ವೆಚ್ಚವೆಂದು ವೆಬ್ಲಿ 2,250 ಪೌಂಡ್ ಕೇಳಿತು, ಕೊನೆಗೆ ಆವಿಷ್ಕಾರಕರ ಪುರಸ್ಕಾರಕ್ಕಿದ್ದ ರಾಯಲ್ ಕಮಿಷನ್ನಿನಿಂದ 1,250 ಪೌಂಡ್ ಪಡೆಯಿತು. ನನ್ನ ಅಭಿಪ್ರಾಯದಲ್ಲಿ ಕಂಪನಿಗೆ ಆದದ್ದು ಅನ್ಯಾಯವೇ. ಸೇನೆ ಬೇಡವೆಂದ ಆ .38 ಬೋರಿನ ವೆಬ್ಲಿ ಮಾರ್ಕ್ 4 ವಸಾಹತುಗಳ ಪೊಲೀಸ್ ಪಡೆಗಳಲ್ಲಿ ನೆಲೆ ಕಂಡಿತು. ಸಿಂಗಪುರದ ಪೊಲೀಸರಿಗಾಗಿ ರಿವಾಲ್ವರುಗಳಲ್ಲಿ ಅಪರೂಪವಾದ ಸುರಕ್ಷತಾ ಚಿಲಕವನ್ನೂ ಅದಕ್ಕೆ ಜೋಡಿಸಿ ಕೊಟ್ಟರು. ಎರಡನೆಯ ಮಹಾಯುದ್ಧ ಬಂದಾಗ ಎನ್‌ಫೀಲ್ಡ್ ಒಂದರಿಂದಲೇ ಬೇಡಿಕೆ ಪೂರೈಸಲಾಗದೆ ಸೇನೆಯೂ ವೆಬ್ಲಿಯ ಬಾಗಿಲಿಗೇ ಬಂದಿತು. ಆ ಕಾಲದ ಮಾರ್ಕ್ 4ಗಳ ಮೇಲೆ ‘ವಾರ್ ಫಿನಿಷ್’ ಎಂದು ಒತ್ತಿರುತ್ತದೆ. ಹೊರಮೈಯ ನಯಗೆಲಸಕ್ಕೆ ಸಮಯವಿಲ್ಲ, ಈ ಒರಟುತನ ನಮ್ಮ ಕೈಕೆಲಸದ ಮಟ್ಟವಲ್ಲ ಎಂದು ಕಾರ್ಖಾನೆ ಉಕ್ಕಿನ ಮೇಲೆಯೇ ಬರೆದುಕೊಟ್ಟ ಮಾತದು.

ಎನ್‌ಫೀಲ್ಡಿನಲ್ಲಿ ಹುಡುಕಬೇಕಾದದ್ದು 1938ಕ್ಕಿಂತ ಹಿಂದಿನ ಮೂಲರೂಪ. ಆ ವರ್ಷ ಕಾಡತೂಸನ್ನು ಬಡಿದು ಸಿಡಿಸುವ ಹ್ಯಾಮರಿನ ಮೇಲಿದ್ದ, ಹೆಬ್ಬೆರಳಿನಿಂದ ಎಳೆಯುವ ಮೊನೆಯನ್ನು ತೆಗೆದುಹಾಕಿದ ಹೊಸ ರೂಪ ಬಂತು, ಟ್ಯಾಂಕಿನ ಇಕ್ಕಟ್ಟಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಹಳೆಯವು ದುರಸ್ತಿಗೆ ಬಂದಾಗಲೆಲ್ಲ ಅವನ್ನೂ ಹಾಗೆಯೇ ಬದಲಾಯಿಸುತ್ತ ಹೋದದ್ದರಿಂದ ಮೊನೆಯಿರುವ ಮೂಲ ಹ್ಯಾಮರು ಇಂದು ವಿರಳ.

ಬ್ರಿಟನ್ನಿನ ಕೊರತೆಯನ್ನು ತುಂಬಿದ್ದು ಅಮೆರಿಕದ ಸ್ಮಿತ್ ಅಂಡ್ ವೆಸನ್. 1899ರಿಂದಲೂ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಲ್ಲೇ ಅವರು ತಯಾರಿಸುತ್ತಿದ್ದ ರಿವಾಲ್ವರಿನ ಕ್ರಮಸಂಖ್ಯೆ 1942ರಲ್ಲಿ ಹತ್ತು ಲಕ್ಷ ಮುಟ್ಟಿತು. ಅಲ್ಲಿಂದ ಮುಂದೆ ‘ವಿಕ್ಟರಿ’ಯ ‘ವಿ’ ಅಕ್ಷರದೊಂದಿಗೆ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಿದರು. 1944ರಲ್ಲಿ ಹಡಗಿನ ಡೆಕ್ಕಿನ ಮೇಲೆ ಬಿದ್ದ ವಿಕ್ಟರಿ ರಿವಾಲ್ವರೊಂದು ತಾನಾಗಿ ಹಾರಿ ನಾವಿಕನೊಬ್ಬ ಸತ್ತ. ಕಂಪನಿ ತಡಮಾಡದೆ ಟ್ರಿಗರ್ ಒತ್ತದ ಹೊರತು ಹ್ಯಾಮರು ಮುಂದಕ್ಕೆ ಹೋಗದಂತೆ ತಡೆಯುವ ಹೊಸ ಭಾಗವನ್ನು ರೂಪಿಸಿತು, ಅದಿರುವ ರಿವಾಲ್ವರುಗಳ ಸಂಖ್ಯೆಯ ಮೊದಲಿಗೆ ‘ಎಸ್‌ವಿ’ ಎಂದು ಒತ್ತಿತು. ಒಂದು ಸಾವು, ಒಂದು ತಿದ್ದುಪಡಿ, ಎರಡೂ ಆ ‘ಎಸ್’ ಅಕ್ಷರದಲ್ಲಿವೆ. ಯುದ್ಧ ಮುಗಿದ ಮೇಲೆ ಇವುಗಳಲ್ಲಿ ಕೆಲವು ಅಮೆರಿಕದ ವಶದಲ್ಲಿದ್ದ ಜರ್ಮನಿಯ ಬವೇರಿಯಾದ ಪೊಲೀಸರಿಗೆ ಹೋದವು, ಆ ಹೆಸರನ್ನೂ ಮೈಮೇಲೆ ಒತ್ತಿಸಿಕೊಂಡವು. ಕ್ರಮಸಂಖ್ಯೆ ಕಳಿಸಿದರೆ ಸ್ಮಿತ್ ಅಂಡ್ ವೆಸನ್ನಿನ ಹಿಸ್ಟಾರಿಕಲ್ ಫೌಂಡೇಷನ್ ಹಳೆಯ ಲೆಕ್ಕಪುಸ್ತಕಗಳನ್ನು ನೋಡಿ, ಆ ರಿವಾಲ್ವರು ಯಾವ ದಿನ ಯಾರಿಗೆ ರವಾನೆಯಾಯಿತೆಂದು ಪತ್ರ ಕೊಡುತ್ತದೆ. ಅದರ ಶುಲ್ಕಕ್ಕೆ ನಾನೆಂದೂ ಹಿಂಜರಿದಿಲ್ಲ.

ಮೇಲ್ಮೈಗೆ ಹೊಸ ನೀಲಿಗಪ್ಪು ಲೇಪ ಹಾಕಿಸುವುದನ್ನು ನಾನು ಕಟುವಾಗಿ ವಿರೋಧಿಸುವುದು ಈ ಎಲ್ಲ ಕಾರಣಗಳಿಂದ. ಲೇಪಕ್ಕೆ ಮುಂಚೆ ಲೋಹವನ್ನು ಉಜ್ಜಿ ನಯ ಮಾಡಬೇಕಾಗುತ್ತದೆ, ಆಗ ಮೊದಲು ತೆಳ್ಳಗಾಗಿ ಅಳಿಯುವುದು ಪರೀಕ್ಷಕರ ಮತ್ತು ಸರ್ಕಾರದ ಸಣ್ಣ ಮುದ್ರೆಗಳೇ. ಹಳೆಯದನ್ನು ಉಳಿಸಲು ಬೇಕಾದದ್ದು ಬಹಳ ಸರಳ: ಬೆವರಿನ ಕೈ ತಾಗಿದ ಮೇಲೆ ಒರೆಸಿ ತೆಳುವಾಗಿ ಎಣ್ಣೆಯನ್ನೋ ಮೇಣವನ್ನೋ ಸವರುವುದು, ಒಣಗಿದ ಬೀರುವಿನಲ್ಲಿ ಬೀಗ ಹಾಕಿಡುವುದು. ಚರ್ಮದ ಒರೆ ಎಷ್ಟೇ ಮೂಲದ್ದಾದರೂ ಅದರೊಳಗೆ ರಿವಾಲ್ವರನ್ನು ಇಟ್ಟಿರಬಾರದು, ಚರ್ಮ ಹದ ಮಾಡಲು ಬಳಸಿದ ರಾಸಾಯನಿಕಗಳು ಮತ್ತು ಅದು ಹೀರುವ ತೇವ ಸೇರಿ ಲೋಹವನ್ನು ತಿನ್ನುತ್ತವೆ.

ಭಾರತದಲ್ಲಿ ಈ ವಂಶಾವಳಿ ಇನ್ನೂ ಮುಗಿದಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ ರಿವಾಲ್ವರು, 2014ರಲ್ಲಿ ಬಂದ ‘ನಿರ್ಭೀಕ್’ ಸಹಿತ, ವೆಬ್ಲಿ ಮಾರ್ಕ್ 4ರ ವಿನ್ಯಾಸದಿಂದಲೇ ಇಳಿದು ಬಂದದ್ದು. ಕೊಡಗಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸೇನೆ ಅಥವಾ ಪೊಲೀಸಿನಲ್ಲಿದ್ದ ಅಜ್ಜನ ಪರವಾನಗಿಯ ರಿವಾಲ್ವರು ಮನೆಯಲ್ಲಿದ್ದು, ಅವರ ಕಾಲಾನಂತರ ಅದನ್ನು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಲೇಬೇಕಾದ ಕುಟುಂಬಗಳಲ್ಲಿ ನನ್ನದೊಂದು ಬೇಡಿಕೆಯಿದೆ. ಒಪ್ಪಿಸುವಾಗ, ಗುಂಡು ಇಲ್ಲವೆಂದು ತಿಳಿದವರಿಂದ ಖಚಿತಪಡಿಸಿಕೊಂಡು, ನಳಿಗೆಯ ಮೇಲ್ಭಾಗ, ಚೌಕಟ್ಟಿನ ಎರಡೂ ಬದಿ, ಸಿಲಿಂಡರಿನ ಹೊರಸುತ್ತು, ಹಿಡಿಯ ತಳ ಇವುಗಳ ಫೋಟೋಗಳನ್ನು ಓರೆ ಬೆಳಕಿನಲ್ಲಿ ತೆಗೆಸಿಕೊಳ್ಳಿ. ಹಳೆಯ ಪರವಾನಗಿ ಪುಸ್ತಕದ ಪ್ರತಿಯನ್ನೂ, ಅಜ್ಜ ಯಾವ ಪಡೆಯಲ್ಲಿ, ಯಾವ ಊರುಗಳಲ್ಲಿ, ಯಾವ ವರ್ಷಗಳಲ್ಲಿ ಇದ್ದರೆಂಬ ಟಿಪ್ಪಣಿಯನ್ನೂ ಆ ಫೋಟೋಗಳ ಜೊತೆಗೆ ಇಡಿ.