ನೀಲಿ ತಟ್ಟೆ ಕೊಳ್ಳುವ ಮೊದಲು ಡೆಲ್ಫ್ಟ್ ನೋಡಿ ಬನ್ನಿ

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದ ದಿನವೇ ಮೋಸಹೋದೆ. ಕಾಲುವೆ ಪಕ್ಕದ ಅಂಗಡಿಯೊಂದರಲ್ಲಿ ಅಂಗೈ ಅಗಲದ ನೀಲಿ-ಬಿಳಿ ಡೆಲ್ಫ್ಟ್ ತಟ್ಟೆಗೆ 38 ಯೂರೋ ಕೊಟ್ಟೆ. ಕೈಯಲ್ಲೇ ಬರೆದದ್ದು ಅಂದಿದ್ದರು. ರೂಮಿಗೆ ಬಂದು ಫೋನಿನ ಬೆಳಕು ಹಿಡಿದು ನೋಡಿದರೆ ಹೂವಿನ ತುಂಬ ಸಣ್ಣ ಸಣ್ಣ ಚುಕ್ಕೆ. ಪೇಪರಿನಲ್ಲಿ ಫೋಟೋ ಅಚ್ಚಾಗಿರುತ್ತಲ್ಲ, ಹಾಗೆ. ತುಂಬಾ ಬೇಜಾರಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಈ ತಟ್ಟೆಗಳಿಗೆ ಹೆಸರಾದ ಊರು ಡೆಲ್ಫ್ಟ್‌ಗೆ ಹೋಗಿ. ಹೇಗ್‌ನಿಂದ ಟ್ರಾಮ್ ಇದೆ. 1653ರಲ್ಲಿ ಶುರುವಾದ ರಾಯಲ್ ಡೆಲ್ಫ್ಟ್ ಕಾರ್ಖಾನೆಯಲ್ಲಿ ಚಿತ್ರ ಬರೆಯುವವರ ಮುಂದೆ ನಾನು ಮುಕ್ಕಾಲು ಗಂಟೆ ನಿಂತೆ. ಸೂಜಿಯಲ್ಲಿ ತೂತು ಮಾಡಿದ ಕಾಗದದ ಮೇಲೆ ಇದ್ದಿಲ ಪುಡಿ ಒತ್ತಿ ಗೆರೆ ಇಳಿಸುತ್ತಾರೆ, ಬ್ಲೌಸಿಗೆ ಎಂಬ್ರಾಯ್ಡರಿ ಡಿಸೈನ್ ಇಳಿಸುವ ಹಾಗೆ. ಆಮೇಲೆ ಕುಂಚ. ಬಣ್ಣ ಮಾತ್ರ ಕಪ್ಪು! ಅದರಲ್ಲಿರುವ ಕೋಬಾಲ್ಟ್ ಎಂಬ ಲೋಹ ಗೂಡಿನಲ್ಲಿ ಬೆಂದ ಮೇಲೇ ನೀಲಿಯಾಗುವುದು. ಒಂದು ಸಲ ಸುಟ್ಟ ಮಣ್ಣು ಬಣ್ಣವನ್ನು ತಕ್ಷಣ ಹೀರಿಬಿಡುತ್ತದೆ, ತಪ್ಪಿದರೆ ಒರೆಸಲು ಆಗುವುದಿಲ್ಲ.

ಈ ನೀಲಿ-ಬಿಳಿ ಹುಚ್ಚು ಬಂದದ್ದು ಚೀನಾದಿಂದ. 1603ರಲ್ಲಿ ಡಚ್ಚರು ಸಿಂಗಾಪುರದ ಹತ್ತಿರ ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗು ಹಿಡಿದು, ಅದರಲ್ಲಿದ್ದ ಪಿಂಗಾಣಿಯನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜು ಹಾಕಿದರು. 1644ರಲ್ಲಿ ಮಿಂಗ್ ಅರಸರು ಬಿದ್ದು ಚೀನಾದಲ್ಲಿ ಯುದ್ಧವಾದಾಗ ಸರಕು ಬರುವುದು ಕಡಿಮೆಯಾಯಿತು. ಆ ಜಾಗಕ್ಕೆ ಬಂದವರು ಡೆಲ್ಫ್ಟ್ ಕುಂಬಾರರು. ಮುಚ್ಚಿಹೋಗಿದ್ದ ಬಿಯರ್ ಭಟ್ಟಿಗಳಲ್ಲೇ ಗೂಡು ಹಾಕಿದರು. ಚೀನಾದ ಬಿಳಿ ಮಣ್ಣು ಅವರಿಗೆ ಸಿಗಲಿಲ್ಲ, ಸಾದಾ ಮಣ್ಣಿಗೇ ತವರ ಬೆರೆಸಿದ ಬಿಳಿ ಲೇಪ ಹಚ್ಚಿದರು. ಹಳೆಯ ತಟ್ಟೆಯ ಅಂಚು ಚಕ್ಕೆ ಎದ್ದ ಕಡೆ ನೋಡಿ, ಒಳಗೆ ಮಾಸಲು ಹಳದಿ ಕಾಣುತ್ತದೆ. ಪಿಂಗಾಣಿಯಾಗಿದ್ದರೆ ಒಳಗೂ ಬಿಳಿಯೇ.

ಗುರುವಾರವೇ ಹೋಗಿ, ಚೌಕದಲ್ಲಿ ಸಂತೆ ಇರುತ್ತದೆ. ನನಗೆ ಸಂತೆಯ ಗದ್ದಲ ಇಷ್ಟ, ಆಗದವರು ಬೇರೆ ದಿನ ಇಟ್ಟುಕೊಳ್ಳಿ. ಆದರೆ ಕಿಬ್ಬೆಲಿಂಗ್ ತಪ್ಪುತ್ತದೆ, ಅಷ್ಟೇ. ಮೀನಿನ ತುಂಡನ್ನು ಹಿಟ್ಟಿನಲ್ಲಿ ಅದ್ದಿ ಕಣ್ಣೆದುರಿಗೇ ಕರಿದು, ಬೆಳ್ಳುಳ್ಳಿ ಸಾಸ್ ಜೊತೆ ಕೊಡುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಚಳಿಗಾಳಿಯಲ್ಲಿ ನಿಂತು ತಿಂದೆ, ಮತ್ತೆ ಸಾಲಿನಲ್ಲಿ ನಿಂತು ಇನ್ನೊಂದು ಪೊಟ್ಟಣ ತಗೊಂಡೆ. ಹೋಟೆಲಿನ ದುಬಾರಿ ಊಟ ಇದರ ಹತ್ತಿರವೂ ಬರಲಿಲ್ಲ. ಮೀನು ತಿನ್ನದವರಿಗೆ ಬೆಲ್ಲದ ಪಾಕದಂಥದ್ದು ತುಂಬಿದ ಬಿಸಿ ಸ್ಟ್ರೋಪ್‌ವಾಫೆಲ್ ಬಿಸ್ಕತ್ತು ಸಾಕು.

ಕೊಳ್ಳುವುದಾದರೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಗೋಡೆಗೆ ಹಚ್ಚುತ್ತಿದ್ದ ಹಳೇ ಡೆಲ್ಫ್ಟ್ ಟೈಲ್ ಕೇಳಿ. ಮೂಲೆಗಳಲ್ಲಿ ಮೊಳೆ ಚುಚ್ಚಿದಂಥ ಸಣ್ಣ ಗುರುತು ಹುಡುಕಿ, ಅಳತೆಗೆ ಕತ್ತರಿಸುವ ಮರದ ಹಲಗೆಯ ಮೊಳೆಯದು ಅದು. ನಾನು ತಂದದ್ದರ ಒಂದು ಮೂಲೆ ಮುರಿದಿದೆ, ಮಧ್ಯದ ಚಿತ್ರದಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದಾನೆ. ಆ ತಟ್ಟೆಗಿಂತ ಕಡಿಮೆ ಬೆಲೆಗೇ ಸಿಕ್ಕಿತು. ಟವೆಲ್ ಸುತ್ತಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.