ಹೈನು ಬಿಟ್ಟ ಮೇಲೆ ನೇಪಿಯರ್ ಹೊಲ

ಹೈನು ಬಿಟ್ಟು ರಾಗಿ, ತರಕಾರಿಗೆ ತಿರುಗುವವರಿಗೆ ಮೊದಲ ತೊಡಕು ಹಸುಗಳ ಮೇವಿಗೆಂದು ಬೆಳೆದ ನೇಪಿಯರ್ ಹುಲ್ಲು. ದಯವಿಟ್ಟು ಸೀದಾ ರೋಟವೇಟರ್ (ಮಣ್ಣು ಕತ್ತರಿಸಿ ಪುಡಿ ಮಾಡುವ ಟ್ರ್ಯಾಕ್ಟರ್ ಯಂತ್ರ) ಹೊಡೆಸಬೇಡಿ: ಗೆಣ್ಣಿರುವ ಒಂದೊಂದು ತುಂಡೂ ಚಿಗುರಿ ಹೊಲವೆಲ್ಲ ಹಬ್ಬುತ್ತದೆ. ಮಾರ್ಚ್‌ನಲ್ಲಿ ನೀರು ನಿಲ್ಲಿಸಿ, ಬುಡ ಸಮೇತ ಅಗೆದು, ಬೇರು ಮೇಲಾಗಿ ಬಿಸಿಲಿಗೆ ಒಣಗಿಸಿ. ಮೊದಲ ಮಳೆಗೆ ಎಕರೆಗೆ 20 ಕೆಜಿ ಡಯಾಂಚ (ಹಸಿರೆಲೆ ಗೊಬ್ಬರದ ಗಿಡ) ಬೀಜ ಚೆಲ್ಲಿ, 45 ದಿನಕ್ಕೆ, ಹೂವಾಡುವಾಗ, ಮಣ್ಣಿಗೆ ಸೇರಿಸಿ. ದಂಟು ಬಲಿತರೆ ಬೇಗ ಕೊಳೆಯುವುದಿಲ್ಲ. ಎರಡು ವಾರ ಬಿಟ್ಟು ರಾಗಿ ಪೈರು ನಾಟಿ ಮಾಡಿ.

ತಿಪ್ಪೆಯ ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಬೇರು ಕಡಿಯುತ್ತದೆ. ಹಿಡಿಯಲ್ಲಿ ಉದುರುವ, ಮಣ್ಣಿನ ವಾಸನೆಯ ಗೊಬ್ಬರವಷ್ಟೇ ಸರಿ.

ಡೇರಿ ಬಟವಾಡೆ ಒಮ್ಮೆಗೇ ನಿಂತರೆ ಮನೆ ನಡೆಯದು. ಹಸುಗಳನ್ನು ಒಂದೊಂದಾಗಿ ಇಳಿಸುತ್ತಾ, ವಾರಕ್ಕೊಂದು ಮಡಿ ದಂಟು, ಮೆಂತ್ಯ ಬಿತ್ತಿ. 25–30 ದಿನಕ್ಕೆ ಸೊಪ್ಪು ಕೀಳಬಹುದು.